ಸೌಂದರ್ಯ ಚಿಕಿತ್ಸೆಯಲ್ಲಿ ಹಾನಿಯಾದಾಗ ವೈದ್ಯರ ಮೇಲೆ ಶಿಸ್ತುಕ್ರಮಕ್ಕೆ ದೂರು ಕೊಡುವ ಬಗೆ

ಫಿಲ್ಲರ್ (ಆಕಾರ ತಿದ್ದಲು ಚರ್ಮದಡಿ ತುಂಬುವ ಜೆಲ್) ಚುಚ್ಚಿಸಿಕೊಂಡ ಮೂಗಿನ ತುದಿ ಕಪ್ಪಾಗಿದೆ. ಲೇಸರ್ ಮಾಡಿಸಿಕೊಂಡ ಕೆನ್ನೆಯ ಮೇಲೆ ಸುಟ್ಟ ಗುರುತುಗಳೆದ್ದಿವೆ. ಹೊಟ್ಟೆಯ ಕೊಬ್ಬು ತೆಗೆಸಲು ಹೋದವರು ಐಸಿಯುನಲ್ಲಿದ್ದಾರೆ. ಇಂಥ ಪ್ರಕರಣದಲ್ಲಿ ವೈದ್ಯರ ನೋಂದಣಿಗೆ ಕೈಹಾಕುವ ಅಧಿಕಾರ ಕರ್ನಾಟಕದಲ್ಲಿ ಇರುವುದು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. 1961ರ ಕರ್ನಾಟಕ ವೈದ್ಯಕೀಯ ನೋಂದಣಿ ಕಾಯ್ದೆಯಡಿ ರಚನೆಯಾದ ಸಂಸ್ಥೆ ಅದು, ಕಚೇರಿ ಬೆಂಗಳೂರಿನಲ್ಲಿದೆ.

ಪರಿಷತ್ತಿನ ಮುಂದೆ ದೂರು ಬಿದ್ದುಹೋಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ದೂರುದಾರರು ಫಲಿತಾಂಶದ ಬಗ್ಗೆ ಬರೆದಿರುತ್ತಾರೆ, ವೈದ್ಯರ ನಡೆಯ ಬಗ್ಗೆ ಬರೆದಿರುವುದಿಲ್ಲ. ಎಷ್ಟೇ ಎಚ್ಚರಿಕೆಯ ಕೈಯಲ್ಲೂ ಮೂಗು ಸೊಟ್ಟಗಾಗಬಹುದು, ಗಾಯ ಸೋಂಕಾಗಬಹುದು. ಅದೇ ವಿದ್ಯೆಯ ಸಾಧಾರಣ ಕುಶಲತೆಯ ಇನ್ನೊಬ್ಬ ವೈದ್ಯ ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದ, ಇವರು ಅದನ್ನು ಮಾಡಿದರೇ ಎಂಬುದೇ ಅಳತೆಗೋಲು. 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದೂ ಇದನ್ನೇ. ಹಾಗಾಗಿ ಇಲ್ಲಿ ಹೇಳುವ ಎಲ್ಲ ಕೆಲಸದ ಗುರಿ ಒಂದೇ: ‘ನನ್ನ ಮುಖ ಹಾಳಾಯಿತು’ ಎಂಬ ನೋವನ್ನು ‘ಇವರು ಇಂಥ ದಿನ ಇಂಥದ್ದನ್ನು ಮಾಡಬೇಕಿತ್ತು, ಮಾಡಲಿಲ್ಲ’ ಎಂಬ ಆರೋಪವಾಗಿ, ದಾಖಲೆಯ ಸಮೇತ ಕಟ್ಟುವುದು.

ಮೊದಲು ಚಿಕಿತ್ಸೆ, ಅದರ ಜೊತೆಗೇ ಸಾಕ್ಷ್ಯ

ತೊಂದರೆ ಇನ್ನೂ ಮುಂದುವರಿದಿದ್ದರೆ ದೂರು ಕಾಯಲಿ. ಬೇರೊಂದು ಆಸ್ಪತ್ರೆಯಲ್ಲಿ, ಆ ವಿಷಯದ ತಜ್ಞರಲ್ಲಿ ತೋರಿಸಿ. ಎರಡನೆಯ ವೈದ್ಯರು ಮೊದಲ ದಿನ ಬರೆಯುವ ಟಿಪ್ಪಣಿ ಮುಂದೆ ನಿಮ್ಮ ಅತ್ಯಂತ ಗಟ್ಟಿಯಾದ ಸಾಕ್ಷ್ಯವಾಗುತ್ತದೆ. ‘ಮೊದಲಿನವರು ತಪ್ಪು ಮಾಡಿದ್ದಾರೆ ಎಂದು ಬರೆದುಕೊಡಿ’ ಎಂದು ಒತ್ತಾಯಿಸಬೇಡಿ. ಹಾಗೆ ಬರೆಯಲು ಯಾರೂ ಒಪ್ಪುವುದಿಲ್ಲ. ಗಾಯದ ಅಳತೆ, ಬಣ್ಣ, ಆಳ, ಚಿಕಿತ್ಸೆಯಾಗಿ ಎಷ್ಟು ಗಂಟೆ ಅಥವಾ ದಿನ ಕಳೆದಿದೆ, ರೋಗನಿರ್ಣಯ ಏನು ಎಂಬಷ್ಟನ್ನು ಸ್ಪಷ್ಟವಾಗಿ ಬರೆಯಲು ಕೇಳಿಕೊಂಡರೆ ಸಾಕು.

ದಿನವೂ ಫೋಟೊ ತೆಗೆಯಿರಿ. ಹಗಲು ಬೆಳಕಿರಲಿ, ಒಂದೇ ಕೋನವಿರಲಿ, ಪಕ್ಕದಲ್ಲಿ ಒಂದು ಸ್ಕೇಲ್ ಇರಲಿ. ಬ್ಯೂಟಿ ಫಿಲ್ಟರ್ ಇರುವ ಕ್ಯಾಮೆರಾ ಆ್ಯಪ್ ಬಳಸಬೇಡಿ. ಮೂಲ ಫೈಲ್ ಫೋನಿನಲ್ಲೇ ಉಳಿಯಲಿ, ಏಕೆಂದರೆ ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯವಾಗಿ ಕಳಿಸಿದ ಪ್ರತಿಯಲ್ಲಿ ತೆಗೆದ ದಿನಾಂಕ, ಸಮಯದ ಮಾಹಿತಿ ಉಳಿಯುವುದಿಲ್ಲ. ಕ್ಲಿನಿಕ್‌ನೊಂದಿಗಿನ ಚಾಟನ್ನು ಅಳಿಸದೆ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಇದೇ ವಿಷಯ ಮುಂದೆ ಕೋರ್ಟಿಗೆ ಹೋದರೆ ಎಲೆಕ್ಟ್ರಾನಿಕ್ ದಾಖಲೆಗಳಿಗೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಫೋನನ್ನು ಮಾರಿಬಿಟ್ಟಿದ್ದರೆ ಅದು ಕಷ್ಟ.

ವೈದ್ಯರು ಯಾರು, ಏನು ಓದಿದ್ದಾರೆ

ಚೀಟಿಯ ಮೇಲೆ ನೋಂದಣಿ ಸಂಖ್ಯೆ ಇದೆಯೇ ನೋಡಿ. ವೈದ್ಯರಿಗೆಂದೇ ಇರುವ 2002ರ ವೃತ್ತಿನಡತೆ ನಿಯಮಾವಳಿಯ 1.4.1ರ ಪ್ರಕಾರ (ಮುಂದೆ ಬರುವ 7.20, 8.5ರಂಥ ಸಂಖ್ಯೆಗಳೂ ಇದೇ ನಿಯಮಾವಳಿಯವು) ಅದು ಕ್ಲಿನಿಕ್ಕಿನಲ್ಲಿ, ಔಷಧ ಚೀಟಿಯಲ್ಲಿ, ಪ್ರಮಾಣಪತ್ರದಲ್ಲಿ, ಹಣದ ರಸೀದಿಯಲ್ಲಿ ಇರಲೇಬೇಕು. ಸಂಖ್ಯೆ ಸಿಕ್ಕರೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿರುವ ಭಾರತೀಯ ವೈದ್ಯಕೀಯ ನೋಂದಣಿ ಪಟ್ಟಿಯಲ್ಲಿ ಹುಡುಕಿ. ಹೆಸರು ಸಿಗದಿದ್ದರೆ ‘ನಕಲಿ’ ಎಂಬ ತೀರ್ಮಾನಕ್ಕೆ ಹಾರಬೇಡಿ. ಆ ಪಟ್ಟಿಗೆ ರಾಜ್ಯದ ಮಾಹಿತಿ ಸೇರುವುದು ತಡವಾಗುತ್ತದೆ, ಸ್ನಾತಕೋತ್ತರ ಪದವಿ ಸೇರಿರುವುದೇ ಇಲ್ಲ ಎನ್ನುವುದೂ ಉಂಟು. ರಾಜ್ಯ ಪರಿಷತ್ತಿನಲ್ಲೂ ವಿಚಾರಿಸಿ.

ಇಲ್ಲಿಂದ ದೂರು ಎಲ್ಲಿಗೆ ಎನ್ನುವುದು ಕವಲೊಡೆಯುತ್ತದೆ. ಎಂಬಿಬಿಎಸ್ ಅಥವಾ ಅದರ ಮೇಲಿನ ಪದವಿಯವರಾದರೆ ವೈದ್ಯಕೀಯ ಪರಿಷತ್ತು. ದಂತವೈದ್ಯರಾದರೆ ಕರ್ನಾಟಕ ರಾಜ್ಯ ದಂತ ವೈದ್ಯಕೀಯ ಪರಿಷತ್ತು. ಆಯುರ್ವೇದ, ಯುನಾನಿ, ಹೋಮಿಯೋಪಥಿಯವರಿಗೆ ಅವರವರದೇ ಮಂಡಳಿಗಳಿವೆ. ಬೇರೆ ರಾಜ್ಯದಲ್ಲಿ ನೋಂದಾಯಿಸಿಕೊಂಡವರಾದರೆ ಆ ರಾಜ್ಯದ ಪರಿಷತ್ತಿಗೂ ಒಂದು ಪ್ರತಿ ಕಳಿಸಿ. ಯಾವ ನೋಂದಣಿಯೂ ಇಲ್ಲದವರು ಚುಚ್ಚಿದ್ದರೆ ಪರಿಷತ್ತು ಅವರ ನೋಂದಣಿ ಕಿತ್ತುಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ. ಅದು ಜಿಲ್ಲಾ ಆರೋಗ್ಯಾಧಿಕಾರಿ ಮತ್ತು ಪೊಲೀಸರ ಕೆಲಸ. ನೋಂದಣಿ ಇಲ್ಲದೆ ವೃತ್ತಿ ನಡೆಸುವವರಿಗೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 34ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಬ್ಯೂಟಿ ಪಾರ್ಲರಿನಲ್ಲಿ ವೈದ್ಯರ ಹೆಸರಿನ ಬೋರ್ಡು ಮಾತ್ರ ಇದ್ದು, ಚುಚ್ಚಿದವರು ಬೇರೆಯವರಾಗಿದ್ದರೆ ಎರಡೂ ಕಡೆ ದೂರು ಕೊಡಿ.

ಕ್ಲಿನಿಕ್ಕಿನದೇ ಬೇರೆ ಲೆಕ್ಕ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಅಂದರೆ ಎಲ್ಲರ ಬಾಯಲ್ಲಿರುವ ಕೆಪಿಎಂಇ ಕಾಯ್ದೆಯಡಿ, ಅದಕ್ಕೆ ನೋಂದಣಿ ಇರಬೇಕು. ಸೌಲಭ್ಯವಿಲ್ಲದ ಕೋಣೆಯಲ್ಲಿ ಶಸ್ತ್ರಚಿಕಿತ್ಸೆ, ನೋಂದಣಿಯೇ ಇಲ್ಲದ ಕ್ಲಿನಿಕ್, ಇಂಥವು ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ಹೋಗಬೇಕು. ಪರಿಹಾರದ ಹಣ ಬೇಕಿದ್ದರೆ ಗ್ರಾಹಕರ ಆಯೋಗ. ಅಲ್ಲಿ ಕಾಲಮಿತಿ 2 ವರ್ಷ. ಪರಿಷತ್ತಿನ ವಿಚಾರಣೆ ಮುಗಿಯಲಿ, ಆಮೇಲೆ ನೋಡೋಣ ಎಂದು ಕುಳಿತರೆ ಆ ಎರಡು ವರ್ಷ ಕಳೆದೇ ಹೋಗುತ್ತದೆ. ಪರಿಷತ್ತು ಒಂದು ರೂಪಾಯಿ ಪರಿಹಾರವನ್ನೂ ಕೊಡಿಸುವುದಿಲ್ಲ. ಎರಡೂ ಜೊತೆಜೊತೆಗೇ ನಡೆಯಬಹುದು.

ಪದವಿಯ ವಿಷಯದಲ್ಲಿ ಒಂದು ಎಚ್ಚರ. ಎಂಬಿಬಿಎಸ್ ಮಾತ್ರ ಓದಿದವರು ಫಿಲ್ಲರ್ ಚುಚ್ಚಿದರು ಎಂಬುದನ್ನೇ ದೊಡ್ಡ ಆರೋಪ ಮಾಡಿಕೊಂಡರೆ ದೂರು ತೆಳುವಾಗುತ್ತದೆ. ಅವರು ತಮ್ಮನ್ನು ‘ಕಾಸ್ಮೆಟಿಕ್ ಸರ್ಜನ್’, ‘ಚರ್ಮತಜ್ಞ’ ಎಂದು ಕರೆದುಕೊಂಡಿದ್ದರೆ ಮಾತು ಬೇರೆ. ವಿಶೇಷ ಪದವಿ ಇಲ್ಲದೆ ತಜ್ಞರೆಂದು ಹೇಳಿಕೊಳ್ಳುವುದು 7.20ರ ಉಲ್ಲಂಘನೆ. ಬೋರ್ಡು, ವಿಸಿಟಿಂಗ್ ಕಾರ್ಡು, ಇನ್‌ಸ್ಟಾಗ್ರಾಂ ಪುಟ, ಎಲ್ಲದರ ಸ್ಕ್ರೀನ್‌ಶಾಟನ್ನು ವಿಳಾಸ ಮತ್ತು ದಿನಾಂಕ ಕಾಣುವಂತೆ ತೆಗೆದಿಡಿ. ದೂರು ತಲುಪಿದ ಮರುದಿನ ಅವು ಮಾಯವಾಗುತ್ತವೆ. ಕೂದಲ ಕಸಿಗೆ ಸಂಬಂಧಿಸಿ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಸೆಪ್ಟೆಂಬರಿನಲ್ಲಿ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿದೆ. ಕಾರ್ಯಾಗಾರದಲ್ಲಿ ಅಥವಾ ಯೂಟ್ಯೂಬಿನಲ್ಲಿ ನೋಡಿ ಕಲಿತದ್ದು ತರಬೇತಿಯಲ್ಲ ಎಂದು ಅದರಲ್ಲಿ ಬಿಡಿಸಿಯೇ ಹೇಳಿದೆ.

ದಾಖಲೆ ಕೇಳುವುದು: 72 ಗಂಟೆಯ ನಿಯಮ

ವೈದ್ಯರಿಗೆ ನೋಟಿಸ್ ಕಳಿಸುವ ಮುನ್ನ, ಜಗಳ ಮಾಡುವ ಮುನ್ನ, ದಾಖಲೆಗಳನ್ನು ಕೇಳಿ. ರೋಗಿ ಅಥವಾ ರೋಗಿ ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎನ್ನುತ್ತದೆ 1.3.2. ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಇಟ್ಟಿರಬೇಕು. ಸೌಂದರ್ಯ ಕ್ಲಿನಿಕ್ಕುಗಳು ಇಲ್ಲೇ ನುಣುಚಿಕೊಳ್ಳುವುದು: ‘ನಿಮ್ಮನ್ನು ಅಡ್ಮಿಟ್ ಮಾಡಿರಲಿಲ್ಲ, ಆದ್ದರಿಂದ ಕೇಸ್ ಶೀಟ್ ಇಲ್ಲ’. ಅರಿವಳಿಕೆ ಕೊಟ್ಟು, ಶಸ್ತ್ರಚಿಕಿತ್ಸೆ ಮಾಡಿ, ದಾಖಲೆಯನ್ನೇ ಬರೆದಿಲ್ಲ ಎಂಬ ಆ ಉತ್ತರವನ್ನು ಲಿಖಿತವಾಗಿ ಪಡೆದುಕೊಳ್ಳಿ. ಅದೇ ಒಂದು ಆರೋಪವಾಗುತ್ತದೆ.

ಪತ್ರದಲ್ಲಿ ‘ಎಲ್ಲ ದಾಖಲೆ ಕೊಡಿ’ ಎಂದು ಬರೆದರೆ ಎರಡು ಹಾಳೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಒಂದೊಂದನ್ನೂ ಹೆಸರಿಸಿ ಕೇಳಿ:

- ಒಪ್ಪಿಗೆ ಪತ್ರ, ಸಹಿಯ ದಿನಾಂಕ ಮತ್ತು ವೇಳೆ ಸಮೇತ
- ಚಿಕಿತ್ಸೆಗೆ ಮುಂಚಿನ ತಪಾಸಣೆ, ದೇಹದ ತೂಕ, ಅಲರ್ಜಿ, ಸೇವಿಸುತ್ತಿದ್ದ ಔಷಧಗಳ ಟಿಪ್ಪಣಿ
- ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಕೋಣೆಯಲ್ಲಿದ್ದ ಪ್ರತಿಯೊಬ್ಬರ ಹೆಸರು ಮತ್ತು ಕೆಲಸ
- ಅರಿವಳಿಕೆ ಹಾಳೆ: ಔಷಧ, ಪ್ರಮಾಣ, ವೇಳೆ, ರಕ್ತದೊತ್ತಡ, ಆಮ್ಲಜನಕದ ಮಟ್ಟ
- ಫಿಲ್ಲರ್, ಬೊಟುಲಿನಂ ಟಾಕ್ಸಿನ್ (ಬೊಟಾಕ್ಸ್‌ನಂಥದ್ದು) ಅಥವಾ ಇಂಪ್ಲಾಂಟಿನ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ
- ಲೇಸರಿನ ತರಂಗಾಂತರ, ಶಕ್ತಿ, ಪಲ್ಸ್ ಅವಧಿ, ಸ್ಪಾಟ್ ಗಾತ್ರ
- ಮೊದಲಿನ ಮತ್ತು ನಂತರದ ಫೋಟೊಗಳು, ಬೇರೆ ಆಸ್ಪತ್ರೆಗೆ ಕಳಿಸಿದ್ದರೆ ಆ ವರ್ಗಾವಣೆ ಪತ್ರ

ಪತ್ರವನ್ನು ಕೈಯಲ್ಲಿ ಕೊಟ್ಟು ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಳ್ಳಿ. ಹಾಕದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ಇಮೇಲನ್ನೂ ಕಳಿಸಿ. 72 ಗಂಟೆಯ ಎಣಿಕೆ ಅಲ್ಲಿಂದ ಶುರು.

ದಾಖಲೆಯಲ್ಲಿ ಏನು ಹುಡುಕಬೇಕು

ದೂರಿನ ಜೀವ ಇರುವುದು ಇಲ್ಲಿ. ಚಿಕಿತ್ಸೆ ಯಾವುದು ಎನ್ನುವುದರ ಮೇಲೆ ಹುಡುಕಬೇಕಾದ ತಪ್ಪು ಬದಲಾಗುತ್ತದೆ.

ಲೈಪೊಸಕ್ಷನ್‌ನಲ್ಲಿ, ಅಂದರೆ ಕೊಬ್ಬು ಹೀರಿ ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ, ಮೊದಲು ಲಿಗ್ನೊಕೇನ್ ಲೆಕ್ಕ ಹಾಕಿ. ಕೊಬ್ಬಿನ ಪದರಕ್ಕೆ ಉಪ್ಪುನೀರು, ಅಡ್ರಿನಲಿನ್ ಜೊತೆ ತುಂಬುವ ಈ ಮರಗಟ್ಟಿಸುವ ಔಷಧಕ್ಕೆ ದೇಹದ ತೂಕದ ಪ್ರತಿ ಕಿಲೊಗೆ 35 ಮಿ.ಗ್ರಾಂ. ಎಂಬುದು ಹಳೆಯ, ಎಚ್ಚರಿಕೆಯ ಮಿತಿ; 55ರವರೆಗೆ ಹೋಗಬಹುದು ಎನ್ನುವ ಮಾರ್ಗಸೂಚಿಗಳೂ ಇವೆ. 60 ಕಿಲೊ ತೂಕದವರಿಗೆ ಅದು 2,100ರಿಂದ 3,300 ಮಿ.ಗ್ರಾಂ. ದ್ರಾವಣ ಶೇ 0.1ರದಾದರೆ ಒಂದು ಲೀಟರಿನಲ್ಲಿ 1,000 ಮಿ.ಗ್ರಾಂ. ಇರುತ್ತದೆ. ನಾಲ್ಕು ಲೀಟರ್ ತುಂಬಿದ್ದರೆ 4,000, ಅಂದರೆ ಕಿಲೊಗೆ 66ಕ್ಕೂ ಹೆಚ್ಚು: ಎರಡೂ ಮಿತಿ ದಾಟಿತು. ತೂಕವನ್ನೇ ಬರೆದಿಲ್ಲದಿದ್ದರೆ ಮಿತಿಯ ಲೆಕ್ಕ ಹಾಕದೆಯೇ ಔಷಧ ತುಂಬಿದರು ಎಂದಾಯಿತು. ಈ ವಿಧಾನದಲ್ಲಿ ರಕ್ತದಲ್ಲಿ ಲಿಗ್ನೊಕೇನ್ ಏರುವುದು ನಿಧಾನ, ಗರಿಷ್ಠ ಮಟ್ಟ ಮುಟ್ಟಲು ಹನ್ನೆರಡು ಗಂಟೆಯ ಆಸುಪಾಸು ಹಿಡಿಯಬಹುದು. ಹೆಚ್ಚು ಪ್ರಮಾಣ ಕೊಟ್ಟು ಎರಡೇ ಗಂಟೆಯಲ್ಲಿ ಮನೆಗೆ ಕಳಿಸಿದ್ದರೆ ಆ ವೇಳೆಯನ್ನು ದೂರಿನಲ್ಲಿ ಬರೆಯಿರಿ. ಹೊರತೆಗೆದದ್ದು 5 ಲೀಟರಿಗಿಂತ ಹೆಚ್ಚಾದರೆ ಅದು ಭಾರಿ ಪ್ರಮಾಣದ್ದು. ರಾತ್ರಿಯಿಡೀ ನಿಗಾ ಇರುವ ಆಸ್ಪತ್ರೆಯಲ್ಲಿ ಮಾಡಬೇಕಾದ್ದು. ತೆಗೆದ ಕೊಬ್ಬನ್ನು ಪೃಷ್ಠಕ್ಕೆ ತುಂಬಿದ್ದರೆ ಯಾವ ಪದರಕ್ಕೆ ತುಂಬಿದರು ಎಂದು ಟಿಪ್ಪಣಿಯಲ್ಲಿ ನೋಡಿ. ಸ್ನಾಯುವಿನೊಳಗೆ ಹೋದ ಕೊಬ್ಬು ಅಲ್ಲಿನ ದೊಡ್ಡ ಅಭಿಧಮನಿಗಳ ಮೂಲಕ ಶ್ವಾಸಕೋಶ ಸೇರಿ ಜೀವ ತೆಗೆಯುತ್ತದೆ. ಚರ್ಮದಡಿಯ ಪದರ ಬಿಟ್ಟು ಕೆಳಗಿಳಿಯಬಾರದೆಂದು ಪ್ಲಾಸ್ಟಿಕ್ ಸರ್ಜರಿ ಸಂಘಟನೆಗಳು 2018ರಿಂದಲೇ ಎಚ್ಚರಿಸಿವೆ.

ಫಿಲ್ಲರ್‌ನಲ್ಲಿ ತಪ್ಪು ಸಾಮಾನ್ಯವಾಗಿ ಚುಚ್ಚುವುದರಲ್ಲಿ ಇರುವುದಕ್ಕಿಂತ ಚುಚ್ಚಿದ ನಂತರದ ಗಂಟೆಗಳಲ್ಲಿ ಇರುತ್ತದೆ. ರಕ್ತನಾಳ ಕಟ್ಟಿಕೊಳ್ಳುವುದು ನುರಿತವರಿಗೂ ಆಗಬಹುದಾದ ಅಪಾಯ. ಅದನ್ನು ಗುರುತಿಸದಿರುವುದಕ್ಕೆ ಕ್ಷಮೆ ಸಿಗುವುದು ಕಷ್ಟ. ಚರ್ಮ ಬಿಳಿಚುವುದು, ಬಲೆಯಂಥ ನೀಲಿ ಗೆರೆ, ಅಳತೆಮೀರಿದ ನೋವು, ಒತ್ತಿ ಬಿಟ್ಟರೆ ಬಣ್ಣ ಮರಳಲು ತಡ, ಇವು ಗುರುತುಗಳು. ಹಯಲುರಾನಿಕ್ ಆಮ್ಲದ ಫಿಲ್ಲರ್ ಆಗಿದ್ದರೆ ಅದನ್ನು ಕರಗಿಸುವ ಹಯಲುರಾನಿಡೇಸ್ ಕ್ಲಿನಿಕ್ಕಿನಲ್ಲೇ ಇರಬೇಕು. ‘ಐಸ್ ಇಡಿ, ನಾಳೆ ಬನ್ನಿ’ ಎಂಬ ಸಂದೇಶ ನಿಮ್ಮ ಫೋನಿನಲ್ಲಿದ್ದರೆ ಅದೇ ಮುಖ್ಯ ಸಾಕ್ಷ್ಯ. ಐಸ್ ರಕ್ತನಾಳವನ್ನು ಇನ್ನಷ್ಟು ಕುಗ್ಗಿಸುತ್ತದೆ. ಹುಬ್ಬುಗಳ ನಡುವೆ ಅಥವಾ ಮೂಗಿಗೆ ಚುಚ್ಚಿದ ಮೇಲೆ ಕಣ್ಣು ಮಂಜಾಗಿದ್ದರೆ ಲೆಕ್ಕ ನಿಮಿಷಗಳದ್ದು: ರಕ್ತವಿಲ್ಲದೆ ಅಕ್ಷಿಪಟ ತಾಳುವುದು ಸುಮಾರು 60ರಿಂದ 90 ನಿಮಿಷ. ನೀವು ಹೇಳಿದ್ದು ಎಷ್ಟು ಹೊತ್ತಿಗೆ, ನೇತ್ರತಜ್ಞರನ್ನು ಕರೆಸಿದ್ದು ಎಷ್ಟು ಹೊತ್ತಿಗೆ, ಎರಡನ್ನೂ ನಿಮಿಷದ ಸಮೇತ ಬರೆಯಿರಿ.

ಲೇಸರ್ ಸುಟ್ಟಗಾಯದಲ್ಲಿ ಪ್ರಶ್ನೆಗಳು ಮೂರು. ನಮ್ಮಂಥ ಕಂದು ಚರ್ಮಕ್ಕೆ ಹೊಂದುವ ತರಂಗಾಂತರ ಬಳಸಿದರೇ? ಕೂದಲು ತೆಗೆಯಲು ಇಂಥ ಚರ್ಮಕ್ಕೆ 1,064 ನ್ಯಾನೊಮೀಟರಿನದು ಹೆಚ್ಚು ಸುರಕ್ಷಿತ. ಮುಂಚೆ ಸಣ್ಣ ಜಾಗದಲ್ಲಿ ಪರೀಕ್ಷಿಸಿ ನೋಡಿದರೇ? ಉಪಕರಣ ಹಿಡಿದವರು ಯಾರು? ಹ್ಯಾಂಡ್‌ಪೀಸಿನ ಆಕಾರದಲ್ಲೇ ಸಾಲಾಗಿ ಮೂಡಿದ ಗಾಯ ಹೆಚ್ಚು ಹೇಳುತ್ತದೆ. ಮೊದಲ ಎರಡು ದಿನದಲ್ಲೇ ಅದರ ಫೋಟೊ ತೆಗೆಯಬೇಕು, ಆಮೇಲೆ ಅಂಚು ಮಸುಕಾಗುತ್ತದೆ.

ನಿದ್ದೆ ಬರಿಸಿ ಮಾಡಿದ ಯಾವುದೇ ಚಿಕಿತ್ಸೆಯಲ್ಲಿ, ಔಷಧ ಕೊಟ್ಟವರು ಯಾರು ಎಂಬುದು ಮೊದಲ ಪ್ರಶ್ನೆ. ಚಾಕು ಹಿಡಿದವರೇ ಪ್ರೊಪೊಫಾಲ್ ಎಂಬ ಅರಿವಳಿಕೆ ಔಷಧ ಕೊಡಿಸಿ, ಉಸಿರಾಟ ನೋಡಿಕೊಳ್ಳಲೆಂದೇ ಬೇರೆ ವೈದ್ಯರಿಲ್ಲದಿದ್ದರೆ ಉಳಿದ ಆರೋಪಗಳೆಲ್ಲ ಅದರ ಹಿಂದೆ ನಿಲ್ಲಲಿ.

ಒಪ್ಪಿಗೆ ಪತ್ರವನ್ನು ಕೊನೆಗೆ ಓದಿ. ಸಹಿ ಇದೆ ಎಂದ ಮಾತ್ರಕ್ಕೆ ಒಪ್ಪಿಗೆ ಇದ್ದಂತಲ್ಲ. ಚಿಕಿತ್ಸೆಯ ಸ್ವರೂಪ, ಲಾಭ, ಪರ್ಯಾಯ, ಗಣನೀಯ ಅಪಾಯಗಳನ್ನು ತಿಳಿಸಿರಬೇಕು, ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಆಗದು ಎಂದು 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೊಟ್ಟೆಗೆ ಒಪ್ಪಿದವರ ತೊಡೆಯನ್ನೂ ಮಾಡಿದ್ದರೆ, ಮೇಜಿನ ಮೇಲೆ ಮಲಗಿಸಿದ ಮೇಲೆ ಸಹಿ ಪಡೆದಿದ್ದರೆ, ರೋಗಿಗೆ ಓದಲು ಬಾರದ ಭಾಷೆಯಲ್ಲಿದ್ದರೆ ಬರೆಯಿರಿ. ನಿಮ್ಮ ಫೋಟೊವನ್ನು ಕೇಳದೆ ಜಾಹೀರಾತಿಗೆ ಬಳಸಿದ್ದರೆ ಅದು 7.17ರಡಿ ಪ್ರತ್ಯೇಕ ಆರೋಪ.

ದೂರು ಬರೆಯುವುದು

ಕನ್ನಡದಲ್ಲೇ ಬರೆಯಬಹುದು. ನಾಲ್ಕೈದು ಪುಟ ಮೀರದಿರಲಿ. ಮೊದಲು ನಿಮ್ಮ ಹೆಸರು, ವಿಳಾಸ, ರೋಗಿಯೊಂದಿಗಿನ ಸಂಬಂಧ. ನಂತರ ವೈದ್ಯರ ಹೆಸರು, ನೋಂದಣಿ ಸಂಖ್ಯೆ, ಕ್ಲಿನಿಕ್ಕಿನ ವಿಳಾಸ. ಆಮೇಲೆ ದಿನಾಂಕವಾರು ಘಟನೆಗಳು, ಪ್ರತಿ ಸಾಲಿನ ಕೊನೆಯಲ್ಲಿ ಅನುಬಂಧದ ಸಂಖ್ಯೆ. ಅನಂತರವೇ ಆರೋಪಗಳು.

‘ವೈದ್ಯರು ಹಣದಾಸೆಗೆ ನನ್ನ ಬಾಳು ಹಾಳುಮಾಡಿದರು’ ಎಂಬ ವಾಕ್ಯ ನಿಜವೇ ಇರಬಹುದು, ಆದರೆ ಅದನ್ನು ಯಾರೂ ಪರಿಶೀಲಿಸಲಾರರು. ಹೀಗೆ ಬರೆಯಿರಿ: ‘ಸಂಜೆ 4.10ಕ್ಕೆ ಮೂಗಿಗೆ ಫಿಲ್ಲರ್ ಚುಚ್ಚಿದರು. 4.25ಕ್ಕೆ ಮೂಗಿನ ತುದಿ ಬಿಳಿಚಿ ನೋವು ಶುರುವಾಯಿತು, ಅಲ್ಲೇ ತಿಳಿಸಿದೆ. 7.40ಕ್ಕೆ ಫೋಟೊ ಕಳಿಸಿದೆ (ಅನುಬಂಧ 4). ಐಸ್ ಇಡಲು ಹೇಳಿದರು (ಅನುಬಂಧ 5). ಹಯಲುರಾನಿಡೇಸ್ ಕೊಡಲಿಲ್ಲ, ಬೇರೆಡೆಗೂ ಕಳಿಸಲಿಲ್ಲ. ಮರುದಿನ 11ಕ್ಕೆ ಬೇರೆ ಆಸ್ಪತ್ರೆಯಲ್ಲಿ ರಕ್ತನಾಳ ಕಟ್ಟಿರುವುದು ಪತ್ತೆಯಾಯಿತು (ಅನುಬಂಧ 6).’

ನಿಯಮ ಉಲ್ಲೇಖಿಸುವಾಗ 2002ರ ನಿಯಮಾವಳಿಯನ್ನೇ ಹೆಸರಿಸಿ. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್ 2ರಂದು ಹೊಸ ನಿಯಮಾವಳಿ ಹೊರಡಿಸಿ ಅದೇ ತಿಂಗಳ 23ರಂದು ತಡೆಹಿಡಿಯಿತು. ಅಂತರ್ಜಾಲದಲ್ಲಿ ಸಿಗುವ ಕೆಲವು ದೂರಿನ ಮಾದರಿಗಳು ಆ ತಡೆಹಿಡಿದ ನಿಯಮಗಳನ್ನೇ ಹಿಡಿದು ಬರೆದವು.

ಕೊನೆಯಲ್ಲಿ ಬೇಡಿಕೆ ಸ್ಪಷ್ಟವಿರಲಿ: ವಿಚಾರಣೆ ನಡೆಸಬೇಕು, ಆ ವಿಭಾಗದ ತಜ್ಞರ ಅಭಿಪ್ರಾಯ ಪಡೆಯಬೇಕು, ಶಿಕ್ಷೆ ವಿಧಿಸಬೇಕು. ಅಪಾಯ ಮುಂದುವರಿಯುತ್ತಿದೆ ಎನಿಸಿದರೆ 8.5ರಡಿ ಮಧ್ಯಂತರ ತಡೆಯನ್ನೂ ಕೇಳಿ. ವಿಚಾರಣೆ ಬಾಕಿ ಇರುವಾಗಲೇ ಆ ವೈದ್ಯರು ಅದೇ ಚಿಕಿತ್ಸೆ ಮಾಡದಂತೆ ತಡೆಯುವ ಅಧಿಕಾರ ಪರಿಷತ್ತಿಗಿದೆ. ಬಹಳ ಮಂದಿ ಇದನ್ನು ಕೇಳುವುದೇ ಇಲ್ಲ. ದೂರಿನೊಂದಿಗೆ ನೋಟರಿ ಮಾಡಿಸಿದ ಅಫಿಡವಿಟ್ ಇಟ್ಟರೆ ‘ಪ್ರಮಾಣ ಮಾಡಿ ಕೊಡಿ’ ಎಂದು ವಾಪಸ್ ಬರುವ ಒಂದು ಸುತ್ತು ತಪ್ಪುತ್ತದೆ. ಮೂರ್ನಾಲ್ಕು ಸೆಟ್ ಜೆರಾಕ್ಸ್ ಮಾಡಿ, ಪುಟ ಸಂಖ್ಯೆ ಹಾಕಿ, ಮೂಲ ಪ್ರತಿಗಳನ್ನು ಮಾತ್ರ ನಿಮ್ಮಲ್ಲೇ ಇಟ್ಟುಕೊಳ್ಳಿ.

ಈ ಹಂತದಲ್ಲಿ ಕ್ಲಿನಿಕ್ಕಿನಿಂದ ಫೋನು ಬರುವುದುಂಟು: ಹಣ ವಾಪಸ್ ಕೊಡುತ್ತೇವೆ, ಇಲ್ಲೊಂದು ಸಹಿ ಹಾಕಿ. ‘ಇನ್ನು ಯಾವ ತಕರಾರೂ ಇಲ್ಲ’ ಎಂಬ ಕಾಗದ ಮುಂದೆ ಗ್ರಾಹಕರ ಆಯೋಗದಲ್ಲಿ ನಿಮಗೇ ಅಡ್ಡ ಬರುತ್ತದೆ. ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ. ವಿಚಾರಣೆ ಮುಗಿಯುವ ಮುಂಚೆ ಫೇಸ್‌ಬುಕ್ಕಿನಲ್ಲಿ ಹೆಸರೆತ್ತಿ ಬೈಯುವುದೂ ಬೇಡ; ಮಾನನಷ್ಟದ ನೋಟಿಸಿಗೆ ಉತ್ತರಿಸುವುದರಲ್ಲೇ ಶಕ್ತಿ ಸೋರಿಹೋಗುತ್ತದೆ.

ವಿಚಾರಣೆ, ವಿಳಂಬ, ಮೇಲ್ಮನವಿ

ಪರಿಷತ್ತು ದೂರಿನ ಪ್ರತಿಯನ್ನು ವೈದ್ಯರಿಗೆ ಕಳಿಸಿ ಲಿಖಿತ ವಿವರಣೆ ಕೇಳುತ್ತದೆ. ಆ ವಿವರಣೆಯ ಪ್ರತಿ ಕೇಳಿ ಪಡೆದು, ಅದರ ಪ್ರತಿ ಕಂಡಿಕೆಗೂ ಉತ್ತರ ಬರೆದುಕೊಡಿ. ‘ರೋಗಿ ಸೂಚನೆ ಪಾಲಿಸಲಿಲ್ಲ’ ಎಂಬ ಉತ್ತರ ಬಂದೇ ಬರುತ್ತದೆ. ಆ ಸೂಚನೆಯನ್ನು ಲಿಖಿತವಾಗಿ ಎಲ್ಲಿ ಕೊಟ್ಟಿದ್ದರು ಎಂದು ಕೇಳಿ. ವೈದ್ಯರು ವಕೀಲರ ಮೂಲಕ ವಾದಿಸಬಹುದು, ನಿಮ್ಮನ್ನೂ ಪ್ರಶ್ನಿಸಬಹುದು. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ’ ಎನ್ನಿ, ಔಷಧದ ಹೆಸರನ್ನು ಊಹಿಸಿ ಹೇಳಬೇಡಿ. ಕೊನೆಗೆ ದೂರು ವಜಾ ಆಗಬಹುದು, ಎಚ್ಚರಿಕೆ ಕೊಡಬಹುದು, ಹೆಸರನ್ನು ಇಂತಿಷ್ಟು ಕಾಲಕ್ಕೆ ಅಥವಾ ಕಾಯಂ ಆಗಿ ಪಟ್ಟಿಯಿಂದ ತೆಗೆಯಬಹುದು.

8.4ರ ಪ್ರಕಾರ ತೀರ್ಮಾನಕ್ಕೆ 6 ತಿಂಗಳ ಗಡುವಿದೆ. ಗಡುವು ಮೀರುವುದು ಅಪರೂಪವೇನಲ್ಲ. ಮೀರಿದರೆ 8.7ನ್ನು ಉಲ್ಲೇಖಿಸಿ ದೆಹಲಿಯ ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೆ ಬರೆಯಿರಿ: ರಾಜ್ಯ ಪರಿಷತ್ತಿಗೆ ಬೇಗ ಮುಗಿಸುವಂತೆ ಸೂಚಿಸುವ, ಇಲ್ಲವೇ ದೂರನ್ನು ತನ್ನಲ್ಲಿಗೆ ತರಿಸಿಕೊಳ್ಳುವ ದಾರಿ ಅಲ್ಲಿದೆ. ಆ ಪತ್ರ ಇಂಗ್ಲಿಷಿನಲ್ಲಿರಲಿ, ಮೂಲ ದೂರಿನ ಅನುವಾದವೂ ಜೊತೆಗಿರಲಿ.

ಮೇಲ್ಮನವಿಯಲ್ಲಿ ಒಂದು ತೊಡಕಿದೆ. 2019ರ ಕಾಯ್ದೆಯ 30ನೇ ಕಲಂ ಮೇಲ್ಮನವಿಯ ಹಕ್ಕನ್ನು ಹೆಸರಿಸಿ ಕೊಟ್ಟಿರುವುದು ವೈದ್ಯರಿಗೆ ಮಾತ್ರ. 2002ರ 8.8 ಮಾತ್ರ ಆದೇಶದಿಂದ ನೊಂದ ಯಾರೇ ಆದರೂ 60 ದಿನದೊಳಗೆ ಮೇಲ್ಮನವಿ ಹಾಕಬಹುದು ಎನ್ನುತ್ತದೆ. ದೂರುದಾರರಾದ ನೀವು 8.8ನ್ನು ಹಿಡಿದು ಆಯೋಗದ ನೀತಿ ಮತ್ತು ವೈದ್ಯಕೀಯ ನೋಂದಣಿ ಮಂಡಳಿಗೆ ಅರ್ಜಿ ಹಾಕಿ. ಕಾಯ್ದೆಯ ನೆಪದಲ್ಲಿ ಅದನ್ನು ತಳ್ಳಿಹಾಕಿದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು. 60 ದಿನದ ಎಣಿಕೆಗೆ ಆದೇಶ ನಿಮ್ಮ ಕೈಸೇರಿದ ದಿನ ಬೇಕಾಗುತ್ತದೆ, ಆದ್ದರಿಂದ ಅಂಚೆಯ ಲಕೋಟೆಯನ್ನು ಎಸೆಯಬೇಡಿ.